ಸಮ್ನರ್ ನ್ಯಾಯಾಲಯ: ತೀರ್ಪಿನ ನಂತರದ ಊರು

ಅಮೆರಿಕದ ಮಿಸಿಸಿಪಿ ರಾಜ್ಯದ ವಾಯವ್ಯ ಭಾಗದಲ್ಲಿ, ಮಿಸಿಸಿಪಿ ಮತ್ತು ಯಾಝೂ ನದಿಗಳ ನಡುವೆ ಅಂಗೈಯಂತೆ ಹರಡಿರುವ ಸಮತಟ್ಟು ಬಯಲನ್ನು ಅಲ್ಲಿಯ ಜನ ‘ಡೆಲ್ಟಾ’ ಎಂದು ಕರೆಯುತ್ತಾರೆ. ಭೂಗೋಳಶಾಸ್ತ್ರದ ಅರ್ಥದಲ್ಲಿ ಇದು ನದಿ ಸಮುದ್ರವನ್ನು ಸೇರುವಲ್ಲಿ ಉಂಟಾಗುವ ಮುಖಜ ಭೂಮಿಯಲ್ಲ. ನೆರೆ ತಂದು ಹಾಸಿದ ಮೆಕ್ಕಲು ಮಣ್ಣಿನ, ಹತ್ತಿ ಬೆಳೆಗೆ ಹೇಳಿ ಮಾಡಿಸಿದಂಥ ನೆಲ. ಈ ಬಯಲಿನ ಟ್ಯಾಲಹ್ಯಾಚಿ ಕೌಂಟಿಗೆ (ಕೌಂಟಿ ಎಂದರೆ ರಾಜ್ಯದೊಳಗಿನ, ಜಿಲ್ಲೆಯನ್ನು ಹೋಲುವ ಆಡಳಿತ ಘಟಕ) ಎರಡು ಆಡಳಿತ ಕೇಂದ್ರಗಳಿದ್ದು, ಅವುಗಳಲ್ಲಿ ಕೆಲವೇ ನೂರು ಜನ ವಾಸಿಸುವ ಸಮ್ನರ್ ಒಂದು. ಕ್ಯಾಸಿಡಿ ಬಾಯೂ ಎಂಬ, ಹರಿಯುತ್ತಿದೆಯೋ ನಿಂತಿದೆಯೋ ಎಂದು ತಿಳಿಯದಷ್ಟು ಮಂದಗತಿಯ ಹೊಳೆಯ ದಂಡೆಯ ಈ ಊರಿನ ನಡುಚೌಕದಲ್ಲಿ, 20ನೇ ಶತಮಾನದ ಆರಂಭದಲ್ಲಿ ಕಟ್ಟಿದ, ಗೋಪುರವುಳ್ಳ ಇಟ್ಟಿಗೆಯ ನ್ಯಾಯಾಲಯವಿದೆ. 1955ರ ಸೆಪ್ಟೆಂಬರ್‌ನಲ್ಲಿ ಐದು ದಿನ ಇಲ್ಲಿ ನಡೆದ ಒಂದು ವಿಚಾರಣೆಯಿಂದಾಗಿ ಈ ಕಟ್ಟಡ ಇಂದು ಅಮೆರಿಕದ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ.

ಆ ವಿಚಾರಣೆಯನ್ನು ಅರ್ಥ ಮಾಡಿಕೊಳ್ಳಲು ಹತ್ತಿಯ ಲೆಕ್ಕಾಚಾರದಿಂದಲೇ ಆರಂಭಿಸಬೇಕಾಗುತ್ತದೆ. ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಕೊನೆಗೊಂಡ ಮೇಲೆ ಡೆಲ್ಟಾದ ಕಪ್ಪು ಜನರಲ್ಲಿ ಬಹುತೇಕರು ಪಾಲುಗೇಣಿಗೆ ಬಿದ್ದರು. ಬೀಜ, ಗೊಬ್ಬರ, ದಿನಸಿ ಎಲ್ಲವನ್ನೂ ಜಮೀನುದಾರನಿಂದ ಸಾಲವಾಗಿ ಪಡೆದು, ಸುಗ್ಗಿಯಲ್ಲಿ ಬೆಳೆಯ ಪಾಲು ಒಪ್ಪಿಸಿ, ಜಮೀನುದಾರನೇ ಬರೆದ ಲೆಕ್ಕದ ಪುಸ್ತಕ ತೋರಿಸುವ ಬಾಕಿಯನ್ನು ಹೊತ್ತುಕೊಂಡು ಮುಂದಿನ ವರ್ಷಕ್ಕೆ ದಾಟುವ ವ್ಯವಸ್ಥೆ ಅದು. ದುಡಿಯುವ ಕೈಗಳು ಬಹುಸಂಖ್ಯಾತವಾಗಿದ್ದು ಆಳುವವರು ಅಲ್ಪಸಂಖ್ಯಾತರಾಗಿದ್ದ ಇಂಥ ಕಡೆ ವ್ಯವಸ್ಥೆಯನ್ನು ಕಾಯುತ್ತಿದ್ದುದು ಕಾನೂನಿಗಿಂತ ಹೆಚ್ಚಾಗಿ ಭಯ. ಆ ಭಯದ ಅತ್ಯಂತ ಕ್ರೂರ ರೂಪವೇ ಲಿಂಚಿಂಗ್, ಅಂದರೆ ಯಾವ ವಿಚಾರಣೆಯೂ ಇಲ್ಲದೆ, ಆರೋಪದ ನೆಪವೊಂದನ್ನು ಮುಂದೊಡ್ಡಿ, ಗುಂಪು ತಾನೇ ನ್ಯಾಯಾಧೀಶನೂ ಕಟುಕನೂ ಆಗಿ ನಡೆಸುವ ಕೊಲೆ. ಟಸ್ಕೀಗೀ ಸಂಸ್ಥೆ ಇಟ್ಟ ದಾಖಲೆಯ ಪ್ರಕಾರ 1882ರಿಂದ 1968ರವರೆಗೆ ಅಮೆರಿಕದಲ್ಲಿ ಇಂಥ 4,743 ಕೊಲೆಗಳಾದವು. ಸತ್ತವರಲ್ಲಿ 3,446 ಮಂದಿ ಕಪ್ಪು ಜನ. ರಾಜ್ಯವಾರು ಲೆಕ್ಕದಲ್ಲಿ 581 ಕೊಲೆಗಳೊಂದಿಗೆ ಮಿಸಿಸಿಪಿಯೇ ಮೊದಲನೆಯದು.

1955ರ ಬೇಸಿಗೆಯ ಹೊತ್ತಿಗೆ ಈ ಭಯದ ಜೊತೆ ಸಿಟ್ಟೂ ಸೇರಿತ್ತು. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 1954ರ ಮೇ 17ರಂದು ‘ಬ್ರೌನ್’ ಪ್ರಕರಣದಲ್ಲಿ ಸಾರಿದ್ದೇ ತಡ, ಅದನ್ನು ಎದುರಿಸಲು ಪ್ರತಿಷ್ಠಿತ ಬಿಳಿಯರ ‘ಸಿಟಿಜನ್ಸ್ ಕೌನ್ಸಿಲ್’ ಎಂಬ ಸಂಘಟನೆ ಇದೇ ಡೆಲ್ಟಾದ ಇಂಡಿಯನೋಲಾ ಊರಿನಲ್ಲಿ ಹುಟ್ಟಿತು. ಮತದಾರರ ಪಟ್ಟಿಗೆ ಕಪ್ಪು ಜನರನ್ನು ಸೇರಿಸಲು ಓಡಾಡುತ್ತಿದ್ದ ಪಾದ್ರಿ ಜಾರ್ಜ್ ಲೀ ಮೇ ತಿಂಗಳಲ್ಲಿ ಬೆಲ್ಜೋನಿಯಲ್ಲಿ ಗುಂಡಿಗೆ ಬಲಿಯಾದರು. ಅದೇ ಕೆಲಸದಲ್ಲಿದ್ದ ಲಮಾರ್ ಸ್ಮಿತ್ ಆಗಸ್ಟ್ 13ರಂದು ಬ್ರೂಕ್‌ಹೇವನ್‌ನ ನ್ಯಾಯಾಲಯದ ಅಂಗಳದಲ್ಲೇ, ಹಾಡಹಗಲಲ್ಲಿ ಕೊಲೆಯಾದರು. ಚಿಕಾಗೋದ 14 ವರ್ಷದ ಎಮೆಟ್ ಟಿಲ್ ರಜೆ ಕಳೆಯಲೆಂದು ಅಜ್ಜಿಯ ಸೋದರಿಯ ಗಂಡ ಮೋಸೆಸ್ ರೈಟ್ ಅವರ ಮನೆಗೆ ಬಂದದ್ದು ಇದಾದ ಎಂಟು ದಿನಗಳ ಬಳಿಕ.

ಮುಂದಿನ ಘಟನೆಗಳು ಮೂರು ಕೌಂಟಿಗಳಲ್ಲಿ ಹರಡಿಕೊಂಡಿವೆ. ಈ ಹಂಚಿಕೆಯನ್ನು ಗಮನಿಸದೆ ಪ್ರಕರಣದ ಇತಿಹಾಸವನ್ನು ಓದುವುದು ವ್ಯರ್ಥ, ಏಕೆಂದರೆ ಯಾವ ಅಪರಾಧ ಎಲ್ಲಿ ನಡೆಯಿತೆಂಬ ಪ್ರಶ್ನೆಯೇ ಯಾರು ತಪ್ಪಿಸಿಕೊಳ್ಳಬಹುದೆಂಬುದನ್ನು ನಿರ್ಧರಿಸಿತು. ಮೊದಲನೆಯದು ಲೆಫ್ಲೋರ್ ಕೌಂಟಿ. ಆಗಸ್ಟ್ 24ರ ಸಂಜೆ ಅಲ್ಲಿನ ‘ಮನಿ’ ಎಂಬ ಪುಟ್ಟ ಊರಿನಲ್ಲಿ ಬ್ರಯಂಟ್ ದಂಪತಿಯ ದಿನಸಿ ಅಂಗಡಿಗೆ ಎಮೆಟ್ ಚೂಯಿಂಗ್ ಗಮ್ ಕೊಳ್ಳಲು ಹೋದ. ಅಂಗಡಿಯಲ್ಲಿದ್ದ 21 ವರ್ಷದ ಕ್ಯಾರೊಲಿನ್ ಬ್ರಯಂಟ್ ಹೊರಬಂದಾಗ ಅವನು ಶಿಳ್ಳೆ ಹಾಕಿದನೆಂದು ಜೊತೆಗಿದ್ದ ಸೋದರ ಸಂಬಂಧಿಗಳು ಮುಂದೆ ಹೇಳಿದರು. ಅವನು ತನ್ನ ಕೈಹಿಡಿದು ಅಸಭ್ಯವಾಗಿ ಮಾತನಾಡಿದನೆಂದು ಆಕೆ ನ್ಯಾಯಾಲಯದಲ್ಲಿ ಆಪಾದಿಸಿದಳು. ಆಗಸ್ಟ್ 28ರ ನಡುರಾತ್ರಿ ಕಳೆದ ಮೇಲೆ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲಸಹೋದರ ಜೆ. ಡಬ್ಲ್ಯೂ. ಮೈಲಮ್ ಪಿಸ್ತೂಲು ಹಿಡಿದು ಮೋಸೆಸ್ ರೈಟ್ ಅವರ ಮನೆಗೆ ನುಗ್ಗಿ ಹುಡುಗನನ್ನು ಎಳೆದೊಯ್ದರು. ಎರಡನೆಯದು ಸನ್‌ಫ್ಲವರ್ ಕೌಂಟಿ: ಡ್ರೂ ಊರಿನ ಬಳಿ ಮೈಲಮ್‌ನ ತಮ್ಮ ನೋಡಿಕೊಳ್ಳುತ್ತಿದ್ದ ಜಮೀನಿನ ಕಣಜದಲ್ಲಿ ಚಿತ್ರಹಿಂಸೆ ನಡೆಯಿತು. ಮೂರನೆಯದು ಟ್ಯಾಲಹ್ಯಾಚಿ ಕೌಂಟಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರದ, ಸುಮಾರು 34 ಕಿಲೋ ತೂಕದ ಫ್ಯಾನನ್ನು ಮುಳ್ಳುತಂತಿಯಿಂದ ಕತ್ತಿಗೆ ಕಟ್ಟಿದ್ದ ಶವ, ಅದೇ ಹೆಸರಿನ ನದಿಯಲ್ಲಿ ಆಗಸ್ಟ್ 31ರಂದು ಸಿಕ್ಕಿತು. ಗುರುತು ಹಿಡಿಯಲು ನೆರವಾದದ್ದು ಬೆರಳಿನಲ್ಲಿದ್ದ, ತಂದೆ ಲೂಯಿಸ್ ಟಿಲ್ ಅವರ ಹೆಸರಿನ ಮೊದಲಕ್ಷರಗಳ ಉಂಗುರ.

ಟ್ಯಾಲಹ್ಯಾಚಿಯ ಷೆರಿಫ್, ಅಂದರೆ ಕೌಂಟಿಯ ಚುನಾಯಿತ ಪೊಲೀಸ್ ಮುಖ್ಯಸ್ಥ ಎಚ್. ಸಿ. ಸ್ಟ್ರೈಡರ್, ಕೊಲೆ ತನ್ನ ವ್ಯಾಪ್ತಿಗೇ ಸೇರಿದ್ದೆಂದು ಹೇಳಿದ್ದರಿಂದ ಮೊಕದ್ದಮೆ ಸಮ್ನರ್‌ಗೆ ಬಂತು. ಬಳಿಕ ಅದೇ ಷೆರಿಫ್ ಆರೋಪಿಗಳ ಪರವಾಗಿ ಸಾಕ್ಷಿ ನುಡಿದು, ಶವ ಯಾರದ್ದೆಂದು ಗುರುತಿಸಲು ಸಾಧ್ಯವೇ ಇಲ್ಲವೆಂದ. ಊರಿನಲ್ಲಿದ್ದ ಐದೂ ಮಂದಿ ವಕೀಲರು ಆರೋಪಿಗಳ ವಕಾಲತ್ತು ವಹಿಸಿದರು. ತೀರ್ಪುಗಾರರಾಗಿ ಕೂರುವ ಸಾಮಾನ್ಯ ನಾಗರಿಕರ ತಂಡಕ್ಕೆ ಜ್ಯೂರಿ ಎನ್ನುತ್ತಾರೆ. ಅದರ ಸದಸ್ಯರನ್ನು ಮತದಾರರ ಪಟ್ಟಿಯಿಂದ ಆರಿಸುತ್ತಿದ್ದರು. ಕಪ್ಪು ಜನರೇ ಬಹುಸಂಖ್ಯಾತರಾಗಿದ್ದ ಕೌಂಟಿಯ ಆ ಪಟ್ಟಿಯಲ್ಲಿ ಒಬ್ಬ ಕಪ್ಪು ವ್ಯಕ್ತಿಯ ಹೆಸರೂ ಇರಲಿಲ್ಲ, ಹೆಂಗಸರಿಗೆ ಜ್ಯೂರಿಯಲ್ಲಿ ಕೂರುವ ಹಕ್ಕೇ ಇರಲಿಲ್ಲ. ಹೀಗೆ 12 ಮಂದಿ ಬಿಳಿಯ ಗಂಡಸರು ಕಟಕಟೆಯ ಪಕ್ಕದ ಕುರ್ಚಿಗಳಲ್ಲಿ ಕುಳಿತರು. ಕಪ್ಪು ಪತ್ರಕರ್ತರಿಗೂ, ವಿಚಾರಣೆ ನೋಡಲು ಮಿಶಿಗನ್‌ನಿಂದ ಬಂದಿದ್ದ ಸಂಸತ್ ಸದಸ್ಯ ಚಾರ್ಲ್ಸ್ ಡಿಗ್ಸ್ ಅವರಿಗೂ ಸಿಕ್ಕದ್ದು ಮೂಲೆಯ ಒಂದು ಇಸ್ಪೀಟಿನ ಮೇಜು. ಊರಿನ ಫಲಕದಲ್ಲಿ ಆಗ ಇದ್ದ ಘೋಷವಾಕ್ಯ, ಗಂಡುಮಗುವನ್ನು ಬೆಳೆಸಲು ಇದು ಒಳ್ಳೆಯ ಜಾಗ ಎಂಬ ಅರ್ಥದ್ದು. ಹೊರಗಿನಿಂದ ಬಂದ ವರದಿಗಾರರು ಅದನ್ನು ಬರೆದುಕೊಳ್ಳದೆ ಬಿಡಲಿಲ್ಲ.

ಈ ಕೋಣೆಯಲ್ಲಿ ನಡೆದ ಅಸಾಮಾನ್ಯ ಸಂಗತಿಯೆಂದರೆ ತೀರ್ಪಲ್ಲ, ತೀರ್ಪು ಎಲ್ಲರಿಗೂ ಮೊದಲೇ ಗೊತ್ತಿತ್ತು, ಅಸಾಮಾನ್ಯವಾದದ್ದು ಸಾಕ್ಷ್ಯ. ಪಾಲುಗೇಣಿಯ ರೈತ, 60 ದಾಟಿದ ಮೋಸೆಸ್ ರೈಟ್ ಎದ್ದು ನಿಂತು, ತುಂಬಿದ ಕೋಣೆಯಲ್ಲಿ ಬಿಳಿಯ ಆರೋಪಿಗಳತ್ತ ಬೆರಳು ಚಾಚಿ ಗುರುತಿಸಿದರು; ಕಲಾಪದ ವೇಳೆ ಚಿತ್ರ ತೆಗೆಯಬಾರದೆಂಬ ಆಜ್ಞೆಯ ನಡುವೆಯೂ ಅರ್ನೆಸ್ಟ್ ವಿದರ್ಸ್ ಆ ಕ್ಷಣವನ್ನು ಸೆರೆಹಿಡಿದರು. ಡ್ರೂ ಬಳಿಯ ಕಣಜದಿಂದ ಏಟಿನ ಸದ್ದು, ಚೀರಾಟ ಕೇಳಿಸಿತೆಂದು 18 ವರ್ಷದ ವಿಲೀ ರೀಡ್ ಹೇಳಿದ. ಇಂಥ ಸಾಕ್ಷಿಗಳನ್ನು ಹತ್ತಿಯ ಹೊಲಗಳಿಂದ ಹುಡುಕಿ ತಂದವರಲ್ಲಿ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಘಟನೆಯ ಮೆಡ್ಗರ್ ಎವರ್ಸ್, ಮೌಂಡ್ ಬಾಯೂ ಊರಿನ ವೈದ್ಯ ಟಿ. ಆರ್. ಎಂ. ಹೊವರ್ಡ್ ಮತ್ತು ಕಪ್ಪು ಪತ್ರಕರ್ತರು ಇದ್ದರು. ಸೆಪ್ಟೆಂಬರ್ 23ರಂದು ಜ್ಯೂರಿ 67 ನಿಮಿಷ ಚರ್ಚಿಸಿ ಇಬ್ಬರನ್ನೂ ನಿರ್ದೋಷಿಗಳೆಂದು ಸಾರಿತು. ತಂಪು ಪಾನೀಯ ಕುಡಿಯಲು ನಿಲ್ಲದಿದ್ದರೆ ಅಷ್ಟು ಹೊತ್ತೂ ಆಗುತ್ತಿರಲಿಲ್ಲವೆಂದು ಒಬ್ಬ ಸದಸ್ಯ ಹೇಳಿದ. ಅಪಹರಣದ ಆರೋಪವನ್ನಾದರೂ ದಾಖಲಿಸಬಹುದಾಗಿದ್ದ ಲೆಫ್ಲೋರ್‌ನ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಲು ಸಾಕಷ್ಟು ಆಧಾರವಿದೆಯೇ ಎಂದು ತೀರ್ಮಾನಿಸುವ ನಾಗರಿಕರ ತಂಡ) ನವೆಂಬರ್‌ನಲ್ಲಿ ಅದನ್ನೂ ಕೈಬಿಟ್ಟಿತು. ರೈಟ್ ಮತ್ತು ರೀಡ್ ಇಬ್ಬರೂ ಊರು ತೊರೆದು ಚಿಕಾಗೋ ಸೇರಬೇಕಾಯಿತು.

ಮುಂದಿನ ವರ್ಷದ ಜನವರಿಯಲ್ಲಿ ‘ಲುಕ್’ ಪತ್ರಿಕೆಯಲ್ಲಿ ವಿಲಿಯಂ ಬ್ರಾಡ್‌ಫರ್ಡ್ ಹ್ಯೂಯಿ ಬರೆದ ಲೇಖನದಲ್ಲಿ ಇಬ್ಬರೂ ಹಣ ಪಡೆದು ಕೊಲೆಯನ್ನು ಒಪ್ಪಿಕೊಂಡರು. ಒಮ್ಮೆ ಖುಲಾಸೆಯಾದವರನ್ನು ಅದೇ ಅಪರಾಧಕ್ಕಾಗಿ ಮತ್ತೆ ವಿಚಾರಣೆಗೆ ಗುರಿಪಡಿಸುವಂತಿಲ್ಲ ಎಂಬ ನಿಯಮ ಅವರಿಗೆ ಗುರಾಣಿಯಾಗಿತ್ತು. ಆದರೆ ಆ ಗುರಾಣಿ ಇದ್ದದ್ದು ಇಬ್ಬರಿಗೆ ಮಾತ್ರ. ಕೃತ್ಯದಲ್ಲಿ ಸೇರಿದ್ದ ಇತರರು ವಿಚಾರಣೆಗೇ ಒಳಪಟ್ಟಿರಲಿಲ್ಲವಾದ್ದರಿಂದ ಅವರ ಹೆಸರು ಬಂದರೆ ಜೈಲಿನ ಬಾಗಿಲು ತೆರೆಯುವ ಸಾಧ್ಯತೆಯಿತ್ತು. ಹಾಗಾಗಿ ಲೇಖನದಲ್ಲಿ ಇತರರೂ ಇಲ್ಲ, ಸನ್‌ಫ್ಲವರ್ ಕೌಂಟಿಯ ಆ ಕಣಜವೂ ಇಲ್ಲ. ವಿಲೀ ರೀಡ್ ಪ್ರಮಾಣ ಮಾಡಿ ತೋರಿಸಿದ ಸ್ಥಳವೊಂದು ಕೊಲೆಗಾರರ ಬೆಲೆಕಟ್ಟಿದ ಮಾತಿನಿಂದ ಹಲವು ದಶಕಗಳ ಕಾಲ ನಕಾಶೆಯಿಂದಲೇ ಅಳಿಸಿಹೋಯಿತು. ಎಫ್‌ಬಿಐ 2004ರಲ್ಲಿ ಪ್ರಕರಣವನ್ನು ಮತ್ತೆ ತೆರೆದು, 2005ರಲ್ಲಿ ಸಮಾಧಿಯಿಂದ ಶವ ತೆಗೆಸಿ ಡಿಎನ್‌ಎ ಪರೀಕ್ಷೆಯ ಮೂಲಕ ಗುರುತನ್ನು ಖಚಿತಪಡಿಸಿದ ಮೇಲೆಯೇ ರೀಡ್ ಅವರ ಮಾತಿಗೆ ಅಧಿಕೃತ ಮನ್ನಣೆ ಸಿಕ್ಕಿತು. ಖುಲಾಸೆಯ ತೀರ್ಪಿಗಿಂತಲೂ ಈ ಸುಳ್ಳು ನಕಾಶೆ ಹೆಚ್ಚು ಬಾಳಿಕೆ ಬಂದಿತೆಂದರೆ ಅತಿಶಯೋಕ್ತಿಯಲ್ಲ.

ಸಮ್ನರ್ ಮೌನ ತಾಳಿದ ಕಾಲದಲ್ಲೇ ಹೊರಗಿನ ಜಗತ್ತು ಎಮೆಟ್‌ನ ಹೆಸರನ್ನು ಹೊತ್ತು ನಡೆಯಿತು. ಇದರ ಮೂಲ ತಾಯಿ ಮೇಮಿ ಟಿಲ್ ಅವರ ಒಂದು ನಿರ್ಧಾರ. ಶವವನ್ನು ಮಿಸಿಸಿಪಿಯಲ್ಲೇ ತರಾತುರಿಯಿಂದ ಹೂಳಲು ನಡೆದ ಪ್ರಯತ್ನವನ್ನು ತಡೆದು ಚಿಕಾಗೋಗೆ ತರಿಸಿಕೊಂಡ ಅವರು, ರಾಬರ್ಟ್ಸ್ ಟೆಂಪಲ್ ಚರ್ಚಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದೇ ಇಡಿಸಿದರು. ಸಾವಿರ ಸಾವಿರ ಜನ ಸಾಲುಗಟ್ಟಿ ಆ ಜಜ್ಜಿಹೋದ ಮುಖವನ್ನು ನೋಡಿದರು, ‘ಜೆಟ್’ ಪತ್ರಿಕೆಯಲ್ಲಿ ಅಚ್ಚಾದ ಛಾಯಾಚಿತ್ರದ ಮೂಲಕ ದೇಶದ ಕಪ್ಪು ಸಮುದಾಯವೆಲ್ಲ ನೋಡಿತು. ನವೆಂಬರ್ 27ರಂದು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಡಾ. ಹೊವರ್ಡ್ ಈ ಕೊಲೆಯ ಬಗ್ಗೆ ಮಾಡಿದ ಭಾಷಣವನ್ನು ಕೇಳಿದವರಲ್ಲಿ ರೋಸಾ ಪಾರ್ಕ್ಸ್ ಒಬ್ಬರು. ನಾಲ್ಕು ದಿನಗಳ ನಂತರ ಅವರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ನಿರಾಕರಿಸಿದರು, ಅದರಿಂದ ವರ್ಷಕ್ಕೂ ಮಿಕ್ಕಿ ನಡೆದ ಬಸ್ ಬಹಿಷ್ಕಾರ ಹುಟ್ಟಿತು. 1960ರ ದಶಕದಲ್ಲಿ ಹೋಟೆಲುಗಳ ಕೌಂಟರಿನಲ್ಲಿ ಧರಣಿ ಕೂತ, ಮತದಾರರ ನೋಂದಣಿಗಾಗಿ ಹಳ್ಳಿ ತಿರುಗಿದ ವಿದ್ಯಾರ್ಥಿಗಳಲ್ಲಿ ಹಲವರು ಎಮೆಟ್‌ನ ಓರಗೆಯವರು. ತಮ್ಮ ವಯಸ್ಸಿನವನೊಬ್ಬನ ಆ ಚಿತ್ರವನ್ನು ನೋಡಿಯೇ ಬೆಳೆದ ಅವರನ್ನು ಸಮಾಜಶಾಸ್ತ್ರಜ್ಞೆ ಜಾಯ್ಸ್ ಲ್ಯಾಡ್ನರ್ ‘ಎಮೆಟ್ ಟಿಲ್ ಪೀಳಿಗೆ’ ಎಂದು ಕರೆದಿದ್ದಾರೆ.

ಡೆಲ್ಟಾದಲ್ಲಿ ಮಾತ್ರ ಐವತ್ತು ವರ್ಷ ಒಂದು ಫಲಕವೂ ಏಳಲಿಲ್ಲ. ಕೌಂಟಿಯ ಮೇಲ್ವಿಚಾರಕ ಮಂಡಳಿಗೆ ಮೊದಲ ಕಪ್ಪು ಅಧ್ಯಕ್ಷರಾದ ಜೆರೋಮ್ ಲಿಟಲ್ ಅವರ ಮುತುವರ್ಜಿಯಿಂದ 2006ರಲ್ಲಿ ಕಪ್ಪು ಮತ್ತು ಬಿಳಿಯ ಸದಸ್ಯರು ಸಮಸಂಖ್ಯೆಯಲ್ಲಿದ್ದ ಸ್ಮಾರಕ ಆಯೋಗ ರಚನೆಯಾಯಿತು. 1955ರ ವಿಚಾರಣೆಯನ್ನು ಪ್ರೇಕ್ಷಕಿಯಾಗಿ ಕಂಡಿದ್ದ ಬಿಳಿಯ ಜಮೀನುದಾರ ಮನೆತನದ ಬೆಟ್ಟಿ ಪಿಯರ್ಸನ್ ಅದರ ಸಹ ಅಧ್ಯಕ್ಷರಲ್ಲೊಬ್ಬರು. 2007ರ ಅಕ್ಟೋಬರ್ 2ರಂದು ನ್ಯಾಯಾಲಯದ ಮುಂದೆ ಟಿಲ್ ಕುಟುಂಬಕ್ಕೆ ಕ್ಷಮಾಪಣೆಯ ನಿರ್ಣಯವನ್ನು ಓದಲಾಯಿತು. ಆದರೆ ಮೇಮಿ ಅವರು 2003ರಲ್ಲೇ ತೀರಿಕೊಂಡಿದ್ದರು. ಶಿಥಿಲವಾಗಿದ್ದ ಕಟ್ಟಡವನ್ನು ದುರಸ್ತಿ ಮಾಡಿ, ವಿಚಾರಣೆಯ ಕೋಣೆಗೆ 1955ರ ರೂಪವನ್ನೇ ಮರಳಿ ಕೊಡಲಾಯಿತು. ಎದುರಿಗೇ ಎಮೆಟ್ ಟಿಲ್ ವಿವರಣಾ ಕೇಂದ್ರ ಕೆಲಸ ಮಾಡುತ್ತಿದೆ.

ಉಳಿದ ಸ್ಥಳಗಳ ಗತಿ ಇಷ್ಟು ನೆಟ್ಟಗಿಲ್ಲ. ಮನಿ ಊರಿನ ಅಂಗಡಿ ಖಾಸಗಿ ಒಡೆತನದಲ್ಲಿ, ಮಾಡು ಕುಸಿದು, ಬಳ್ಳಿಗಳು ಹಬ್ಬಿದ ಗೋಡೆಗಳಾಗಿ ನಿಂತಿದೆ. ಅದರ ಪಕ್ಕದ ಹಳೆಯ ಪೆಟ್ರೋಲ್ ಬಂಕನ್ನು ಮಾತ್ರ, ನಾಗರಿಕ ಹಕ್ಕುಗಳ ಇತಿಹಾಸದ ರಕ್ಷಣೆಗೆಂದು ಮೀಸಲಾದ 2 ಲಕ್ಷ ಡಾಲರಿಗೂ ಮಿಕ್ಕ ಸರ್ಕಾರಿ ಅನುದಾನದಿಂದ ಹೊಸದರಂತೆ ಸಿಂಗರಿಸಲಾಗಿದೆ. ಕೊಲೆಯ ಕಥೆಯಲ್ಲಿ ಆ ಬಂಕಿಗೆ ಯಾವ ಪಾತ್ರವೂ ಇಲ್ಲ. ಶವ ಸಿಕ್ಕ ನದಿಯ ದಂಡೆಯ ಗ್ರಾಬಾಲ್ ಲ್ಯಾಂಡಿಂಗ್‌ನಲ್ಲಿ ನೆಟ್ಟ ಮೊದಲ ಫಲಕ 2008ರಲ್ಲಿ ಕಳುವಾಯಿತು. ಎರಡನೆಯದು ಗುಂಡುಗಳಿಂದ ಜರಡಿಯಾಯಿತು. 2018ರಲ್ಲಿ ನಿಲ್ಲಿಸಿದ ಮೂರನೆಯದಕ್ಕೆ 35 ದಿನಗಳಲ್ಲೇ ಗುಂಡು ಬಿತ್ತು, ಬಂದೂಕು ಹಿಡಿದ ಕಾಲೇಜು ಹುಡುಗರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. 2019ರ ಅಕ್ಟೋಬರ್‌ನಲ್ಲಿ ನೆಟ್ಟ ನಾಲ್ಕನೆಯ ಫಲಕ 500 ಪೌಂಡ್ ತೂಕದ, ಗುಂಡು ತೂರದ ಉಕ್ಕಿನದು. ಸತ್ತವನ ನೆನಪಿಗೆ ಕವಚ ತೊಡಿಸಬೇಕಾಗಿ ಬಂದ ಊರುಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಕಾನೂನಿನ ನಡೆ ಇದಕ್ಕಿಂತಲೂ ನಿಧಾನ. ಲಿಂಚಿಂಗನ್ನು ರಾಷ್ಟ್ರಮಟ್ಟದ ಅಪರಾಧವಾಗಿಸುವ ಮಸೂದೆ ಮೊದಲು ಸಂಸತ್ತಿಗೆ ಬಂದದ್ದು 1900ರಲ್ಲಿ. ಇನ್ನೂರಕ್ಕೂ ಹೆಚ್ಚು ಪ್ರಯತ್ನಗಳು ಬಿದ್ದುಹೋದ ಮೇಲೆ, ಎಮೆಟ್ ಟಿಲ್ ಹೆಸರಿನ ಕಾಯ್ದೆಗೆ 2022ರ ಮಾರ್ಚ್ 29ರಂದು ಸಹಿ ಬಿತ್ತು. ಅದೇ ವರ್ಷ ಲೆಫ್ಲೋರ್ ನ್ಯಾಯಾಲಯದ ನೆಲಮಾಳಿಗೆಯಲ್ಲಿ, ಕ್ಯಾರೊಲಿನ್ ಬ್ರಯಂಟ್ ಹೆಸರಿಗೆ 1955ರಲ್ಲಿ ಹೊರಡಿಸಿ ಜಾರಿ ಮಾಡದೇ ಬಿಟ್ಟಿದ್ದ ಬಂಧನದ ವಾರಂಟ್ ಸಿಕ್ಕಿತು. ಗ್ರ್ಯಾಂಡ್ ಜ್ಯೂರಿ ಆಗಲೂ ಮೊಕದ್ದಮೆಗೆ ಒಪ್ಪಲಿಲ್ಲ, 2023ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡರು. ಮೂರು ತಿಂಗಳ ಬಳಿಕ, ಎಮೆಟ್ ಬದುಕಿದ್ದರೆ 82 ತುಂಬುತ್ತಿದ್ದ ಜುಲೈ 25ರಂದು, ಚಿಕಾಗೋದ ಚರ್ಚು, ಗ್ರಾಬಾಲ್ ಲ್ಯಾಂಡಿಂಗ್ ಮತ್ತು ಸಮ್ನರ್ ನ್ಯಾಯಾಲಯಗಳನ್ನು ಒಟ್ಟಾಗಿ ತಾಯಿ ಮಗ ಇಬ್ಬರ ಹೆಸರಿನ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು.

ಸ್ಮಾರಕವಾದರೂ ಸಮ್ನರ್‌ನ ಕಟ್ಟಡ ವಸ್ತುಸಂಗ್ರಹಾಲಯವಾಗಿಲ್ಲ; ಕೌಂಟಿಯ ಮೊಕದ್ದಮೆಗಳು ಇಂದಿಗೂ ಅಲ್ಲೇ ನಡೆಯುತ್ತವೆ, ಜ್ಯೂರಿಗೆ ಬರುವವರಲ್ಲಿ ಈಗ ಕಪ್ಪು ಜನರೂ ಹೆಂಗಸರೂ ಇರುತ್ತಾರೆ.