ಕಿವಿ ಮುಚ್ಚಿ ಕೇಳಿದ ಕಾಡು

ಜೂನ್ ಮಳೆ ಹಿಡಿದ ಮೇಲೆ ಸಿದ್ದಾಪುರದ ಕಡೆಯ ಅಡಿಕೆ ತೋಟಗಳಲ್ಲಿ ಸದ್ದಿಗೆ ಬರವಿಲ್ಲ. ಸೋಗೆಯಿಂದ ಸೋಗೆಗೆ ಇಳಿಯುವ ಹನಿ, ಕಾಲುವೆಯ ನೀರು, ಬೆಟ್ಟದ ಅಂಚಿನ ಜೀರುಂಡೆ, ಹಳ್ಳದ ಕಪ್ಪೆ. ಎಲ್ಲವೂ ಒಟ್ಟಿಗೆ ಬರುವಾಗ ಒಂದನ್ನೇ ಹಿಡಿದು ಕೇಳುವುದು ಕಷ್ಟ. ರೆಕಾರ್ಡರ್ ಹಿಡಿದು ಕೂತವನಿಗಂತೂ ಮೈಕಿಗೆ ಕೇಳಿಸುತ್ತಿರುವುದು ಯಾವುದು, ತನ್ನ ಬರಿಗಿವಿಗೆ ಕೇಳಿಸುತ್ತಿರುವುದು ಯಾವುದು ಎಂದು ಬಿಡಿಸಿಕೊಳ್ಳಲಾಗುವುದಿಲ್ಲ. ಅದಕ್ಕಾಗಿಯೇ ಈ ಮಳೆಗಾಲಕ್ಕೆ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ತರಿಸಿಕೊಂಡೆ. ಬಟ್ಟಲಿನ ಬೆನ್ನು ಪೂರ್ತಿ ಮುಚ್ಚಿರುವ, ಕಿವಿಯನ್ನು ಸುತ್ತುವರಿದು ಕೂರುವ ಜೋಡಿ ಅದು. ಹೆಸರು ಸೋನಿ ಎಂಡಿಆರ್-7506. 1991ರಲ್ಲಿ ಬಂದ ಮಾದರಿ. ಸ್ಟುಡಿಯೊಗಳಲ್ಲೂ ಹೊರಾಂಗಣ ರೆಕಾರ್ಡಿಂಗ್ ಮಾಡುವವರ ಚೀಲಗಳಲ್ಲೂ ಇವತ್ತಿಗೂ ಕಾಣುತ್ತದೆ. ಒಳಗಿನ ಡ್ರೈವರ್ 40 ಮಿ.ಮೀ., ಇಂಪಿಡೆನ್ಸ್ 63 ಓಮ್. ಅಂಗೈಯಗಲದ ರೆಕಾರ್ಡರಿಗೂ ಇದು ಭಾರವಾಗುವುದಿಲ್ಲ.

ಹೆಡ್‌ಫೋನನ್ನು ಹಾಡು ಹಾಕಿ ಪರೀಕ್ಷಿಸುವುದು ವಾಡಿಕೆ. ಆದರೆ ಆ ಹಾಡು ಸ್ಟುಡಿಯೊದಲ್ಲಿ ಹೇಗೆ ಕೇಳಿಸಿತ್ತೋ ನನಗೆ ಗೊತ್ತಿಲ್ಲ. ಕೆಂಬೂತದ ಕೂಗು ಹೇಗಿರುತ್ತದೆಂದು ಮಾತ್ರ ಚೆನ್ನಾಗಿ ಗೊತ್ತು. ಬೇಲಿಯ ಮೆಳೆಯೊಳಗೆ ಕೂತು ಅದು ಹಾಕುವ ‘ಊಪ್ ಊಪ್ ಊಪ್’ ಖಾಲಿ ಕೊಡದ ಬಾಯಿಗೆ ಊದಿದ ಹಾಗೆ ತುಂಬಿಕೊಂಡು ಬರುತ್ತದೆ. ಹೊಸ ಜೋಡಿಯಲ್ಲಿ ಅದು ಮೊದಲಿಗೆ ತೆಳ್ಳಗೆ ಕೇಳಿಸಿತು. ಬಟ್ಟಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿದೆ; ಕೂಗಿಗೆ ಮೈ ಬಂತು. ಬೆರಳು ತೆಗೆದೆ, ಮತ್ತೆ ಸೊರಗಿತು. ಕನ್ನಡಕದ ಕಡ್ಡಿ ಕಿವಿಯ ಪಕ್ಕದಲ್ಲಿ ಮೆತ್ತೆಯನ್ನು ತುಸುವೇ ಎತ್ತಿ ಹಿಡಿದಿತ್ತು. ಬೆನ್ನು ಮುಚ್ಚಿದ ಹೆಡ್‌ಫೋನಿನಲ್ಲಿ ಕೆಳದನಿ ನಿಲ್ಲುವುದು ಡ್ರೈವರಿಗೂ ಕಿವಿತಮಟೆಗೂ ನಡುವೆ ಸಿಕ್ಕಿಕೊಂಡ ಗಾಳಿಯ ಒತ್ತಡದಿಂದ. ಸಣ್ಣ ಸಂದು ಸಿಕ್ಕಿದರೂ ಒತ್ತಡ ಸೋರುತ್ತದೆ, ಎಲ್ಲಕ್ಕಿಂತ ಮೊದಲು ಕೆಳದನಿ ಕರಗುತ್ತದೆ. ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿ ಕೇಳುವುದೇ ಇದಕ್ಕೆ ಸರಿ. ಹಾಗೆ ಕೇಳಿದಾಗ ಒಂದು ಕೆಂಬೂತದ ಹಿಂದೆ ದೂರದಲ್ಲಿ ಇನ್ನೊಂದು, ಇನ್ನೂ ತಗ್ಗಿದ ಸ್ಥಾಯಿಯಲ್ಲಿ ಉತ್ತರ ಕೊಡುತ್ತಿದ್ದದ್ದು ತಿಳಿಯಿತು. ತೋಟದಲ್ಲಿ ಕೂತಾಗ ಕಾಲುವೆಯ ನೀರು ಅದನ್ನು ನುಂಗಿತ್ತು.

ದೊಡ್ಡ ಮಂಗಟ್ಟೆಯ ರೆಕ್ಕೆ ಇನ್ನೂ ಒಳ್ಳೆಯ ಪರೀಕ್ಷೆ. ಅದರ ಹಾರುಗರಿಗಳ ಬುಡ ಅಡಿಯಿಂದ ಪೂರ್ತಿ ಮುಚ್ಚಿರುವುದಿಲ್ಲ. ಆ ಸಂದಿಯಲ್ಲಿ ಗಾಳಿ ನುಗ್ಗುವುದರಿಂದ ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಬರುವುದು ಗೊತ್ತಾಗುತ್ತದೆ. ರೆಕಾರ್ಡಿಂಗಿನಲ್ಲಿ ಪ್ರತಿ ಬಡಿತವೂ ಬೇರೆ ಬೇರೆಯಾಗಿ, ಎಡದಿಂದ ಬಲಕ್ಕೆ ಹಾದುಹೋಗುತ್ತದೆ. ಬಡಿತ ನಿಂತು ತೇಲುವ ಗಳಿಗೆಯಲ್ಲಿ ಹಿಂದಿನ ಜೀರುಂಡೆಗಳು ಮೇಲೆದ್ದು ಬರುತ್ತವೆ, ಮತ್ತೆ ರೆಕ್ಕೆ ಬೀಸಿದಾಗ ಹಿಂದೆ ಸರಿಯುತ್ತವೆ. ಇಷ್ಟು ಬಿಡಿಸಿ ತೋರಿಸುವ ಸಾಧನ ನನ್ನ ಬಳಿ ಹಿಂದೆ ಇರಲಿಲ್ಲ.

ಆದರೆ ಆ ಮಂಗಟ್ಟೆ ನನ್ನ ಮುಂದೆ ಹಾರಿತೋ ಬೆನ್ನ ಹಿಂದೆ ಹಾರಿತೋ ಹೆಡ್‌ಫೋನ್ ಹೇಳುವುದಿಲ್ಲ. ತಲೆಯೊಳಗೇ, ಒಂದು ಕಿವಿಯಿಂದ ಇನ್ನೊಂದಕ್ಕೆ ಹಾರಿದಂತಿರುತ್ತದೆ. ಮುಂದು, ಹಿಂದು, ಮೇಲು, ಕೆಳಗು ಎಂದು ನಾವು ಗುರುತಿಸುವುದಕ್ಕೆ ಹೊರಗಿವಿಯ ಮಡಿಕೆಗಳೂ ತಲೆಯ ಚಲನೆಯೂ ಬೇಕು. ಹಳ್ಳದ ದಂಡೆಯಲ್ಲಿ ಮರಗಪ್ಪೆಯ ‘ಟಿಕ್ ಟಿಕ್’ ಹುಡುಕುವವರು ತಲೆಯನ್ನು ಆಚೀಚೆ ತಿರುಗಿಸುತ್ತ ಹೋಗುವುದನ್ನು ಗಮನಿಸಿ: ತಲೆ ತಿರುಗುತ್ತದೆ, ಕಪ್ಪೆ ಕೂತಲ್ಲೇ ಇರುತ್ತದೆ, ಜಾಗ ಸಿಗುತ್ತದೆ. ಹೆಡ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳುವಾಗ ತಲೆ ತಿರುಗಿಸಿದರೆ ಹಳ್ಳ, ಕಪ್ಪೆ, ಮರ ಎಲ್ಲವೂ ತಲೆಯ ಜೊತೆಗೇ ತಿರುಗುತ್ತವೆ. ಹಾಗಾಗಿ ಇದು ಎಲ್ಲಿದೆ ಎಂದು ಹುಡುಕಲು ಒದಗುವುದಿಲ್ಲ, ಯಾವುದು ಎಂದು ಗುರುತಿಸಲು ಒದಗುತ್ತದೆ. ಅದು ಸಣ್ಣ ಉಪಕಾರವಲ್ಲ. ನೋಡಲು ಒಂದೇ ಥರ ಇರುವ ಕಪ್ಪೆಗಳನ್ನು ಬೇರ್ಪಡಿಸಲು ಕೂಗು ದೊಡ್ಡ ಸಾಕ್ಷಿ. ಮೊಟ್ಟೆಗಳ ಮೇಲೆ ಗಂಡು ಕಪ್ಪೆ ಕೆಸರು ಮೆತ್ತುವ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ, ಇದೇ ಉತ್ತರ ಕನ್ನಡದ ಕಾಡಿನ ಹಳ್ಳಗಳಿಂದ. ಇಲ್ಲಿ ಕೇಳುವ ಕೆಲಸ ಇನ್ನೂ ಬಹಳ ಉಳಿದಿದೆ.

ಏರುದನಿಯಲ್ಲಿ ಈ ಜೋಡಿ ಚುರುಕು. ಬದನಿಕೆ ಹಕ್ಕಿಯ ಚಿಟ್‌ಚಿಟ್, ಹುಲ್ಲಿನ ಮಿಡತೆಯ ಸಿರ್ರ್ ಎಂಬ ಎಳೆ, ಜೊತೆಗೆ ರೆಕಾರ್ಡರಿನ ಸ್ವಂತ ಸುಯ್ಯೆಂಬ ಸದ್ದು ಕೂಡ ಎದ್ದು ಬರುತ್ತದೆ. ದಿನವಿಡೀ ಸಂಗೀತ ಕೇಳುವವರಿಗೆ ಇದು ಸ್ವಲ್ಪ ಹರಿತವೆನಿಸಬಹುದು. ನನ್ನ ಕೆಲಸಕ್ಕೆ ಇದೇ ಬೇಕು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಏರುದನಿಗಳನ್ನೇ. ಇನ್ನು ಪೆಟ್ಟಿಗೆಯ ಮೇಲಿನ ‘10 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂಬ ಅಂಕಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ ಕೆಳಗೆ ಕೇಳುವುದಿಲ್ಲ. ಏಷ್ಯಾದ ಆನೆಗಳು ಅದಕ್ಕಿಂತ ಕೆಳಗೂ ಮಾತಾಡಿಕೊಳ್ಳುತ್ತವೆಂದು ಸಂಶೋಧಕಿ ಕೇಟಿ ಪೇನ್ ಅವರಿಗೆ 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಮೃಗಾಲಯದಲ್ಲಿ ಹೊಳೆದದ್ದು ಗಾಳಿಯ ಅದಿರಾಟದಿಂದ. ಆಮೇಲೆ ಟೇಪನ್ನು ವೇಗವಾಗಿ ಓಡಿಸಿದಾಗಷ್ಟೇ ಆ ದನಿ ಕಿವಿಗೆ ಬಿತ್ತು. ಬಾವಲಿಯ ಮಾತು ಇನ್ನೊಂದು ತುದಿಯಲ್ಲಿ ಹೀಗೆಯೇ ನಮ್ಮಿಂದ ತಪ್ಪಿಸಿಕೊಳ್ಳುತ್ತದೆ.

ಮಲೆನಾಡಿನ ಶೆಖೆಗೆ ಯಾವ ಮುಚ್ಚಿದ ಬಟ್ಟಲೂ ಹೇಳಿ ಮಾಡಿಸಿದ್ದಲ್ಲ. ಕಿವಿ ಬೆವರುತ್ತದೆ, ಮೆತ್ತೆಯನ್ನು ಒರೆಸಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಕಾಡಿನೊಳಗೆ ಎರಡೂ ಕಿವಿ ಮುಚ್ಚಿ ನಡೆಯುವುದು ಅಪಾಯ. ನಡೆಯುವಾಗ ಕುತ್ತಿಗೆಗೆ ಇಳಿಸಬೇಕು, ಕೂತು ಕೇಳುವಾಗಲೂ ಆಗಾಗ ಒಂದು ಕಿವಿ ಬಿಚ್ಚಿಕೊಳ್ಳಬೇಕು.

ಬೆನ್ನು ಮುಚ್ಚಿದ್ದರಿಂದ ಹೊರಗಿನ ಮಳೆ ಒಳಗೆ ಕಡಿಮೆ ಬರುತ್ತದೆ ಎಂಬುದು ಅರ್ಧ ಲಾಭ. ಒಳಗಿನದು ಹೊರಗೆ ಹೋಗುವುದಿಲ್ಲ ಎಂಬುದೇ ನನಗೆ ಹೆಚ್ಚಿನದು. ಹಕ್ಕಿಯ ಹಾಡನ್ನು ಮೊಟ್ಟಮೊದಲು ಮುದ್ರಿಸಿದವನೆಂದು ಹೆಸರಾದ ಲುಡ್ವಿಗ್ ಕೋಖ್ 1889ರಲ್ಲಿ ಎಂಟು ವರ್ಷದ ಹುಡುಗ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಎಡಿಸನ್ ಯಂತ್ರದ ಮೇಣದ ಸಿಲಿಂಡರಿನ ಮೇಲೆ ಅವನು ಹಿಡಿದದ್ದು ಪಂಜರದ ಶಾಮಾ ಹಕ್ಕಿಯನ್ನು. ಅದೇ ಶಾಮಾ ನಮ್ಮ ಘಟ್ಟದಲ್ಲಿ ಪಂಜರವಿಲ್ಲದೆ ಹಾಡುತ್ತದೆ, ಮಳೆಗೆ ಮುಂಚಿನ ತಿಂಗಳುಗಳಲ್ಲಿ ಮರದ ಪೊಟರೆಯಲ್ಲಿ ಗೂಡು ಕಟ್ಟುತ್ತದೆ. ಆ ಹೊತ್ತಿನಲ್ಲಿ ರೆಕಾರ್ಡಿಂಗನ್ನು ಸ್ಪೀಕರಿನಲ್ಲಿ ಹಾಕಿದರೆ ತನ್ನ ಸರಹದ್ದಿಗೆ ಇನ್ನೊಂದು ಗಂಡು ನುಗ್ಗಿತೆಂದು ಅದು ಗೂಡು, ಮರಿ, ಮೇವು ಬಿಟ್ಟು ಎದುರಾಳಿಯನ್ನು ಹುಡುಕುತ್ತ ಬರುತ್ತದೆ. ಫೋಟೊಕ್ಕಾಗಿ ಮೊಬೈಲಿನಲ್ಲಿ ಮತ್ತೆ ಮತ್ತೆ ಕೂಗು ಹಾಕುವವರನ್ನು ಈಗ ಎಲ್ಲ ಕಾಡಿನಂಚಿನಲ್ಲೂ ಕಾಣುತ್ತೇನೆ. ಹೆಡ್‌ಫೋನಿನಲ್ಲಾದರೆ ಹಕ್ಕಿಯ ಮರದ ಕೆಳಗೇ ಕೂತು ಅದರ ಹಾಡನ್ನು ಪರೀಕ್ಷಿಸಬಹುದು, ಅದಕ್ಕೆ ಗೊತ್ತಾಗುವುದಿಲ್ಲ. ಈ ಜೋಡಿಯೇ ಆಗಬೇಕೆಂದಿಲ್ಲ, ಯಾವುದಾದರೂ ಸರಿ. ಗೂಡು ಕಟ್ಟುವ ಕಾಲದಲ್ಲಿ ಕಾಡಿಗೆ ಹೋಗುವವರು ದಯವಿಟ್ಟು ಹಕ್ಕಿಯ ಕೂಗನ್ನು ನಿಮ್ಮ ಕಿವಿಯಲ್ಲೇ ಕೇಳಿಕೊಳ್ಳಿ, ಸ್ಪೀಕರಿನಲ್ಲಿ ಹಾಕಬೇಡಿ.