ಗರ್ಭಪಾತ: ಕಾನೂನು, ಧರ್ಮ ಮತ್ತು ತಾಯಿಯ ಜೀವ



ಗರ್ಭಪಾತವೆಂಬ ಶಬ್ದವನ್ನು ಶ್ರೀಮಠದ ಪತ್ರಿಕೆಯಲ್ಲಿ ಕಂಡು ಕೆಲವರ ಮನಸ್ಸಿಗೆ ಇರುಸುಮುರುಸಾಗಬಹುದು. ಹಿರಿಯರ ಮುಂದೆ ನಾವು ಆಡದ ಮಾತಿದು. ಆದರೆ ಈ ಮಾತನ್ನು ಹೊತ್ತಿಗೆ ಸರಿಯಾಗಿ ಆಡದ ಕಾರಣ ಹೆಣ್ಣುಮಕ್ಕಳು ಪಡುವ ಪಾಡನ್ನು ಚಿತ್ತವಾಡ್ಗಿಯ ನನ್ನ ಪುಟ್ಟ ಚಿಕಿತ್ಸಾಲಯದಲ್ಲಿ ಕುಳಿತು ಕಂಡವನು ನಾನು. ಆದ್ದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ನಮ್ಮ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ಅವರ ಹೆಸರು ಅನೇಕರಿಗೆ ನೆನಪಿರಬಹುದು. ದಂತವೈದ್ಯೆಯಾಗಿದ್ದ ಆಕೆ ಪತಿಯೊಂದಿಗೆ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್ 21ರಂದು, ಗರ್ಭಕ್ಕೆ 17 ವಾರ ತುಂಬಿದ್ದಾಗ, ಬೆನ್ನುನೋವೆಂದು ಅಲ್ಲಿಯ ಆಸ್ಪತ್ರೆಗೆ ಹೋದರು. ಗರ್ಭ ಉಳಿಯಲಾರದೆಂದು ವೈದ್ಯರಿಗೆ ತಿಳಿಯಿತು. ಆ ರಾತ್ರಿಯೇ ಗರ್ಭೋದಕ ಒಡೆದು ಹೋಯಿತು. ಹೇಗೂ ಉಳಿಯದ ಗರ್ಭವನ್ನು ತೆಗೆದುಬಿಡಿರೆಂದು ಸವಿತಾ ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿರುವುದರಿಂದ ಕಾನೂನು ಅದಕ್ಕೆ ಅವಕಾಶ ಕೊಡದೆಂಬ ಉತ್ತರ ಬಂದಿತು. 24ರಂದು ಆ ಮಿಡಿತ ತಾನಾಗಿ ನಿಂತಿತು. ಅಷ್ಟರಲ್ಲಿ ನಂಜು ತಾಯಿಯ ರಕ್ತಕ್ಕೇರಿತ್ತು. 28ರ ನಸುಕಿನಲ್ಲಿ ಆ 31ರ ಹರೆಯದ ಜೀವ ನಂದಿತು.

ಐರ್ಲೆಂಡಿನ ಸಂವಿಧಾನವು 1983ರ ತಿದ್ದುಪಡಿಯಂತೆ ತಾಯಿಗೂ ಭ್ರೂಣಕ್ಕೂ ಸಮಾನವಾದ ಜೀವಿಸುವ ಹಕ್ಕನ್ನು ಕೊಟ್ಟಿತ್ತು. ಕೇಳಲು ಎಷ್ಟು ನ್ಯಾಯವಾದ ಮಾತು! ತಾಯಿಯ ಪ್ರಾಣಕ್ಕೆ ನಿಜವಾದ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು 1992ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೂ ಹೇಳಿತ್ತು. ಆದರೆ ಎಷ್ಟು ಅಪಾಯವಾದರೆ ಸಾಕು? ಜ್ವರ ಬಂದರೆ ಸಾಕೇ, ರಕ್ತದೊತ್ತಡ ಕುಸಿಯಬೇಕೇ? ಆ ಗೆರೆಯನ್ನು ಹುಡುಕುತ್ತ ಕಾದ ಗಂಟೆಗಳೇ ಸವಿತಾಗೆ ಮುಳುವಾದವು. ರೋಗಿಯ ಮೇಲೆ ಸರಿಯಾದ ನಿಗಾ ಇರಲಿಲ್ಲವೆಂಬುದನ್ನೂ ತನಿಖೆಯ ವರದಿ ಎತ್ತಿ ತೋರಿಸಿತು. ಮುಂದೆ 2018ರ ಮೇ 25ರಂದು ನಡೆದ ಜನಮತದಲ್ಲಿ ಶೇ. 66.4ರಷ್ಟು ಮತದಾರರು ಆ ತಿದ್ದುಪಡಿಯನ್ನು ತೆಗೆದುಹಾಕಿದರು. ಬೆಳಗಾವಿಯಲ್ಲಿದ್ದ ಸವಿತಾರ ತಂದೆತಾಯಿಗಳೂ ಅದನ್ನೇ ಬೇಡಿಕೊಂಡಿದ್ದರು.

ಹಾಗಾದರೆ ಭ್ರೂಣಕ್ಕೆ ಬೆಲೆಯೇ ಇಲ್ಲವೇ? ಇದೆ; ಇಲ್ಲವೆನ್ನುವುದು ನಮ್ಮ ಪರಂಪರೆಗೆ ಒಪ್ಪದ ಮಾತು. ಎಂಟನೆಯ ತಿಂಗಳಲ್ಲಿ ತಾಯಿಯ ಉದರದ ಮೂಲಕ ಗರ್ಭಸ್ಥ ಶಿಶುವಿಗೆ ಗರ್ಭಲಿಂಗಧಾರಣೆ ಮಾಡುವ ಸಂಸ್ಕಾರ ನಮ್ಮದು. ಗರ್ಭಪಾತವೆಂದರೆ ಮನ ನೋಯುವವರ ನೋವನ್ನು ಹಳೆಯ ಕಾಲದ ಮೌಢ್ಯವೆಂದು ತಳ್ಳಿಹಾಕುವುದು ಸಲ್ಲದು. ಆದರೆ ಜನನ, ರಜಸ್ಸು ಮೊದಲಾದ ಐದು ಸೂತಕಗಳನ್ನು ನಿರಾಕರಿಸಿ, ಹೆಣ್ಣಿನ ದೇಹಕ್ಕೆ ಅಂಟಿಸಿದ್ದ ಮೈಲಿಗೆಯನ್ನು ತೊಳೆದವರೂ ನಮ್ಮ ಶರಣರೇ. ಅಂಥ ಪರಂಪರೆಯಲ್ಲಿ ಹೆಣ್ಣು ತನ್ನ ಒಡಲ ಸಂಕಟವನ್ನು ಹೇಳಲು ನಾಚಿ ಸಾಯುವಂತಾಗಬಾರದು.

ಆಯುರ್ವೇದ ಏನೆನ್ನುತ್ತದೆ? ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಢಗರ್ಭ ಚಿಕಿತ್ಸೆಯ ಅಧ್ಯಾಯವಿದೆ. ಜೀವವಿರುವ ಶಿಶುವಿಗೆ ಶಸ್ತ್ರ ತಾಗಿಸಲಾಗದೆಂದು ಆಚಾರ್ಯರು ಅಲ್ಲಿ ಹೇಳಿದ್ದಾರೆ. ಸತ್ತ ಗರ್ಭವನ್ನು ಒಂದು ಮುಹೂರ್ತವೂ ಉಪೇಕ್ಷಿಸಲಾಗದು, ಅದು ತಾಯಿಯನ್ನು ಬೇಗನೆ ಕೊಲ್ಲುತ್ತದೆಂದೂ ಹೇಳಿದ್ದಾರೆ. ಮೊದಲ ನಿಷೇಧಕ್ಕೆ ಅವರು ಕೊಟ್ಟ ಕಾರಣವನ್ನು ಗಮನಿಸಬೇಕು: ಹಾಗೆ ಮಾಡಿದರೆ ಶಿಶುವಿನೊಂದಿಗೆ ತಾಯಿಯೂ ಸಾಯುತ್ತಾಳೆ. ಅಂದರೆ ತಡೆಯುವಾಗಲೂ ಅವಸರಪಡಿಸುವಾಗಲೂ ಆಚಾರ್ಯರ ಕಣ್ಣು ತಾಯಿಯ ಪ್ರಾಣದ ಮೇಲೆಯೇ ಇದೆ. ಅಂದು ಸುರಕ್ಷಿತ ಮಾರ್ಗವಿರಲಿಲ್ಲ, ಇಂದು ಇದೆ.

ಇನ್ನು ನಮ್ಮ ದೇಶದ ಕಾನೂನು. ಬ್ರಿಟಿಷರ 1860ರ ದಂಡಸಂಹಿತೆಯು ತಾಯಿಯ ಜೀವ ಉಳಿಸುವ ಸಂದರ್ಭವನ್ನು ಬಿಟ್ಟರೆ ಗರ್ಭಪಾತವನ್ನು ಅಪರಾಧವೆಂದಿತ್ತು. ಗುಟ್ಟಿನ ಗರ್ಭಪಾತಗಳಲ್ಲಿ ಹೆಣ್ಣುಮಕ್ಕಳು ಸಾಯುವುದನ್ನು ಕಂಡು ಸಂಸತ್ತು 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ತಂದಿತು. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಗರ್ಭಿಣಿಯಾಗಿರುವಾಗಲೇ ವಿಧವೆಯಾದವರು ಮೊದಲಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇರೆಗೆ 24 ವಾರಗಳವರೆಗೆ ಅವಕಾಶವಿದೆ. ಭ್ರೂಣದಲ್ಲಿ ತೀವ್ರವಾದ ವೈಕಲ್ಯವಿದೆಯೆಂದು ವೈದ್ಯಕೀಯ ಮಂಡಳಿ ಕಂಡರೆ ಈ ಮಿತಿ ಅನ್ವಯಿಸದು. ತಾಯಿಯ ಪ್ರಾಣ ಉಳಿಸಲು ತಕ್ಷಣವೇ ಅಗತ್ಯವಾದಾಗಲೂ ವಾರಗಳ ಮಿತಿ ಅಡ್ಡಬರುವುದಿಲ್ಲ. ಅವಿವಾಹಿತೆಯರನ್ನು ಹೊರಗಿಡಲಾಗದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು.

ಎರಡು ಅಂಶಗಳು ಬಹುಜನರಿಗೆ ತಿಳಿದಿಲ್ಲ. 18 ತುಂಬಿದ, ಮನಃಸ್ವಾಸ್ಥ್ಯವುಳ್ಳ ಸ್ತ್ರೀಗೆ ಆಕೆಯ ಒಪ್ಪಿಗೆಯೊಂದೇ ಸಾಕು. ಗಂಡನ ಅಥವಾ ಅತ್ತೆಯ ಸಹಿಯನ್ನು ಕಾನೂನು ಕೇಳುವುದಿಲ್ಲ. ಆಕೆಯ ಹೆಸರು ಮತ್ತು ವಿವರಗಳನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ. ಆದರೂ ಇದು ಕೇಳಿದೊಡನೆ ಕೊಡುವ ಹಕ್ಕಲ್ಲ. ಕೊನೆಯ ಮಾತು ವೈದ್ಯರ ಅಭಿಪ್ರಾಯದ್ದೇ. ಇದು ಸರಿಯೋ ತಪ್ಪೋ ಎಂಬ ಚರ್ಚೆ ಮುಂದುವರಿದಿದೆ, ಮುಂದುವರಿಯಲಿ.

ನನ್ನಂಥ ಬಿ.ಎ.ಎಂ.ಎಸ್. ವೈದ್ಯರಿಗೆ ಗರ್ಭಪಾತ ಮಾಡಿಸುವ ಅಧಿಕಾರವನ್ನು ಈ ಕಾಯ್ದೆ ಕೊಟ್ಟಿಲ್ಲ. ಹಾಗಾದರೆ ನಮ್ಮ ಪಾತ್ರವೇನು? ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಕಂಪ್ಲಿ ಕಡೆಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣುಮಗಳೊಬ್ಬಳು ಬಂದು, ಮೂರು ಮಕ್ಕಳಿವೆ, ಮತ್ತೆ ನಿಂತಿದೆ, ಏನಾದರೂ ಕಷಾಯ ಕೊಡಿರೆಂದು ಬೇಡಿದಳು. ನಾನು ಕೊಡಲಿಲ್ಲ, ಅದು ಸರಿಯೇ. ಆದರೆ ಎಲ್ಲಿಗೆ ಹೋಗಬೇಕೆಂದೂ ಹೇಳಲಿಲ್ಲ. ಪಾಪ-ಪುಣ್ಯದ ನಾಲ್ಕು ಮಾತು ಹೇಳಿ ಕಳುಹಿಸಿದೆ. ವಾರದ ಬಳಿಕ ಗಂಡ ಅವಳನ್ನು ಎತ್ತಿಕೊಂಡು ಬಂದ. ಯಾರೋ ಕಡ್ಡಿ ಹಾಕಿದ್ದರು, ಮೈ ಕೆಂಡವಾಗಿತ್ತು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ಗರ್ಭಕೋಶ ತೆಗೆದು ಜೀವ ಉಳಿಸಿದರು. ಆಕೆ ನನ್ನನ್ನು ದೂರಲಿಲ್ಲ. ಅಂದಿನಿಂದ, ನನ್ನ ಕೈಲಾಗದ್ದನ್ನು ಮಾಡಬಲ್ಲವರ ವಿಳಾಸ ಹೇಳದೆ ಯಾರನ್ನೂ ನಾನು ಹೊರಗೆ ಕಳುಹಿಸಿಲ್ಲ.

ಒಂದು ಎಚ್ಚರಿಕೆ. ಹೆಣ್ಣೆಂಬ ಕಾರಣಕ್ಕೆ ಗರ್ಭ ತೆಗೆಸುವುದು ಬೇರೆಯೇ ವಿಷಯ. ಅದು ಘೋರ ಅಪರಾಧ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಈ ಕೃತ್ಯ ನಡೆಸುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದರು. ಅಲ್ಲಿ ನಿರ್ಧಾರ ತಾಯಿಯದಲ್ಲ, ಹೆಚ್ಚಾಗಿ ಮನೆಯವರ ಒತ್ತಾಯದ್ದು. ಅದನ್ನು ವಿರೋಧಿಸುವುದೂ ಸಂಕಟದಲ್ಲಿರುವ ಹೆಣ್ಣಿಗೆ ನೆರವಾಗುವುದೂ ಒಂದೇ ಧರ್ಮದ ಎರಡು ಮುಖಗಳು.

ಕೊನೆಯಲ್ಲಿ ಮನೆಯವರಿಗೆ ಕೆಲವು ಸೂಚನೆಗಳು. ಮುಟ್ಟು ತಪ್ಪಿದರೆ ಕಾಯದೆ ಪರೀಕ್ಷಿಸಿಕೊಳ್ಳಿರಿ; ದಿನ ಕಳೆದಂತೆ ಅಪಾಯ ಹೆಚ್ಚು. ಪಪ್ಪಾಯಿ, ಎಳ್ಳು-ಬೆಲ್ಲ, ನಾಟಿ ಕಷಾಯಗಳನ್ನು ನಂಬಿ ಕೂರಬೇಡಿರಿ. ಗರ್ಭಪಾತದ ಮಾತ್ರೆಗಳು 9 ವಾರಗಳವರೆಗೆ ಮಾತ್ರ, ಅದೂ ವೈದ್ಯರ ಚೀಟಿ ಮತ್ತು ನಿಗಾದಲ್ಲಿ. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡದು, ಜೀವಕ್ಕೇ ಅಪಾಯ. ಗರ್ಭಿಣಿಗೆ ಚಳಿಜ್ವರ, ದುರ್ಗಂಧದ ಸ್ರಾವ, ವಿಪರೀತ ರಕ್ತಸ್ರಾವ, ಅವಧಿಗೆ ಮುನ್ನ ನೀರು ಒಡೆಯುವುದು, ತಲೆಸುತ್ತು, ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎನ್ನಬೇಡಿರಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹಕ್ಕು ಯಾರದು, ಜೀವ ಎಂದಿನಿಂದ ಜೀವ ಎಂಬ ಜಿಜ್ಞಾಸೆ ಒಂದು ತಲೆಮಾರಿನಲ್ಲಿ ಮುಗಿಯುವಂಥದಲ್ಲ. ಆದರೆ ಮಂಚದ ಮೇಲೆ ಮಲಗಿ ನಡುಗುತ್ತಿರುವ ತಾಯಿಗೆ ಅಷ್ಟು ಸಮಯವಿಲ್ಲ. ಕಾಯುವುದೂ ಒಂದು ನಿರ್ಧಾರವೇ, ಅದರ ಫಲವನ್ನು ಉಣ್ಣುವವಳು ಅವಳೊಬ್ಬಳೇ ಎಂಬುದನ್ನು ವೈದ್ಯರೂ ಮನೆಯವರೂ ಮರೆಯದಿರಲಿ.