ಮಂಗಳೂರು ಬೀಚಿಗೆ ಸರಿಯಾದ ಉತ್ತರ

ಬೆಳಗ್ಗೆ ಐದಕ್ಕೆ ಅಲಾರಾಂ. ಆಫೀಸ್ ಕ್ಯಾಬ್ ಬರೋದು ಎಂಟೂವರೆಗೆ. ನಡುವಿನ ಹೊತ್ತಲ್ಲಿ ನಾನು ಮೋಡಗಳ ಹೆಸರು ಉರು ಹೊಡೆಯುತ್ತಿದ್ದೆ. ‘ಈ ವಯಸ್ಸಲ್ಲಿ ಎಂಥಾ ಪರೀಕ್ಷೆನೋ?’ ಅಂತ ಗೊಣಗುತ್ತಲೇ ಅಮ್ಮ ಕಾಫಿ ಇಟ್ಟು ಹೋಗುತ್ತಿದ್ದಳು.

ಹಿಡಿದಿದ್ದು ಖಾಸಗಿ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್ ಹುಚ್ಚು. ಹತ್ತನೇ ತರಗತಿ ಪಾಸಾಗಿ 17 ತುಂಬಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಸಿಕ್ಕ ಮೇಲೂ ಸಂಬಳಕ್ಕೆ ವಿಮಾನ ಓಡಿಸೋ ಹಾಗಿಲ್ಲ, ಸ್ವಂತ ಖುಷಿಗಷ್ಟೇ. ಖರ್ಚು ಲಕ್ಷಗಟ್ಟಲೆ. ನಿಮಗೂ ಆಸೆ ಇದ್ದರೆ ಫೀಸ್ ಕಟ್ಟುವ ಮೊದಲೇ ಕ್ಲಾಸ್ 2 ಮೆಡಿಕಲ್ ಮಾಡಿಸಿಕೊಳ್ಳಿ. ಅಲ್ಲಿ ಅಡ್ಡಿ ಬಂದರೆ ಮಿಕ್ಕಿದ್ದೆಲ್ಲ ದಂಡ.

ಥಿಯರಿಯಲ್ಲಿ ನಿಯಮ, ಹವಾಮಾನ, ನ್ಯಾವಿಗೇಷನ್. ಪಾಸಾಗಲು ಶೇ 70 ಅಂಕ ಬೇಕು. ಇಂಜಿನಿಯರಿಂಗ್ ಓದಿದವನಿಗೆ ಇದೆಲ್ಲ ಯಾವ ಲೆಕ್ಕ! ಹಳೇ ಪ್ರಶ್ನೆಗಳ ಪುಸ್ತಕ ತಂದೆ, ಉತ್ತರಗಳನ್ನು ಬಾಯಿಪಾಠ ಮಾಡಿದೆ, ಪಾಸಾದೆ. ಆಫೀಸಲ್ಲಿ ಸ್ವೀಟ್ ಕೂಡ ಹಂಚಿದೆ.

ಏಪ್ರಿಲ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡೂವರೆ. ಪುಟ್ಟ ಎರಡು ಸೀಟಿನ ಸೆಸ್ನಾ 152 ಬಿಸಿಲಲ್ಲಿ ನಿಂತಿತ್ತು. ಇನ್‌ಸ್ಟ್ರಕ್ಟರ್ ಮೇಡಂ ಕೇಳಿದರು: ‘ಈಗ ಹೊರಟರೆ ಎಷ್ಟು ರನ್‌ವೇ ಬೇಕು?’

ನೆನಪಲ್ಲಿದ್ದ ಅಂಕಿ ಥಟ್ಟನೆ ಒಪ್ಪಿಸಿದೆ.

‘ಅದು ಮಂಗಳೂರು ಬೀಚಲ್ಲಿ, ತಂಪು ಹೊತ್ತಲ್ಲಿ ಸರಿ. ನಾವೆಲ್ಲಿದೀವಿ ಈಗ?’

ಬೆಂಗಳೂರಲ್ಲಿ. ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಮೇಡಂ ನನ್ನ ಕೈಗೆ ಪೆನ್ ಕೊಟ್ಟರು. ಲೆಕ್ಕ ಹೀಗೆ: ಸಮುದ್ರ ಮಟ್ಟದಲ್ಲಿ ಪ್ರಮಾಣಿತ ಉಷ್ಣಾಂಶ 15 ಡಿಗ್ರಿ. ಸಾವಿರ ಅಡಿಗೆ ಎರಡರಂತೆ ಇಳಿದು ನಮ್ಮ ಎತ್ತರಕ್ಕೆ 9 ಆಗಬೇಕು. ಥರ್ಮಾಮೀಟರ್ ತೋರಿಸುತ್ತಿದ್ದುದು 34. ಅಂದರೆ 25 ಡಿಗ್ರಿ ಹೆಚ್ಚು. ಹೆಚ್ಚಾದ ಒಂದೊಂದು ಡಿಗ್ರಿಗೂ ಅಂದಾಜು 120 ಅಡಿ ಕೂಡಿಸಿದರೆ ಇನ್ನೊಂದು 3,000. ಒಟ್ಟು 6,000 ಅಡಿ! ನಿಂತಿರೋದು ಬೆಂಗಳೂರಲ್ಲಾದರೂ ವಿಮಾನದ ಪಾಲಿಗೆ ಹೆಚ್ಚೂಕಡಿಮೆ ಮುಳ್ಳಯ್ಯನಗಿರಿಯ ತುದಿ. ಗಾಳಿ ತೆಳು, ಹಾಗಾಗಿ ರೆಕ್ಕೆಗೆ ಆಸರೆ ಕಡಿಮೆ, ಇಂಜಿನ್‌ಗೆ ಉಸಿರು ಕಡಿಮೆ. ರನ್‌ವೇ ಜಾಸ್ತಿ ಬೇಕು, ಮೇಲೇರುವುದೂ ನಿಧಾನ.

ಇದೇ ಪ್ರಶ್ನೆ ಪರೀಕ್ಷೆಯಲ್ಲೂ ಬಂದಿತ್ತು. ‘ಬಿ’ ಅಂತ ಗುರುತು ಹಾಕಿ ಬಂದಿದ್ದೆ. ಯಾಕೆ ‘ಬಿ’ ಅಂತ ಯೋಚಿಸಿರಲಿಲ್ಲ. ಬೆನ್ನ ಮೇಲೆ ಇಳಿದ ಬೆವರು ಬರೀ ಸೆಕೆಯದ್ದಲ್ಲ.

‘ಈಗ ಹೇಳಿ, ಹೋಗೋಣ್ವಾ?’ ಅಂದರು ಮೇಡಂ. ನಿರ್ಧಾರ ನನ್ನ ತಲೆಗೇ ಕಟ್ಟಿದ್ದರು. ಅದಕ್ಕೋಸ್ಕರವೇ ವಾರವಿಡೀ ಕಾದಿದ್ದೆ. ಆದರೂ ‘ಬೇಡ ಮೇಡಂ, ನಾಳೆ ಬೆಳಗ್ಗೆ’ ಅಂದೆ. ಅವರು ಹೊಗಳಲಿಲ್ಲ, ಲಾಗ್‌ಬುಕ್ ಮುಚ್ಚಿ ಎದ್ದರು ಅಷ್ಟೇ.

ರಾತ್ರಿ ಪುಸ್ತಕ ಮತ್ತೆ ಮೊದಲ ಪುಟದಿಂದ ತೆಗೆದೆ. ಈ ಸಲ ಉತ್ತರಗಳ ಪಟ್ಟಿಗೆ ಸ್ಟೇಪ್ಲರ್ ಹೊಡೆದು.

ಮರುದಿನ ಬೆಳಗ್ಗೆ ಆರೂಮುಕ್ಕಾಲಿಗೆ ಹಾಳೆಯ ಮೇಲೆ ನಮ್ಮಿಬ್ಬರ ತೂಕ, ಇಂಧನ, ಬ್ಯಾಗು ಎಲ್ಲ ಬರೆದು ಕೂಡಿಸಿದೆ. ಈ ವಿಮಾನ ಹೊರಡುವಾಗ ಒಟ್ಟು 757 ಕಿಲೋ ಮೀರುವಂತಿಲ್ಲ. ಮೇಡಂ ಹಾಳೆ ನೋಡಿ ನಕ್ಕರು. ಕೊನೆಯ ಸಾಲಿನಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯೂ ಇತ್ತು.